ಗಾಡಿ ಬಿಡಿ ಅಂದರು

ಅಪ್ಪನ ಮುಖವನ್ನು ಹೀಗೆ ಎವೆಯಿಕ್ಕದೆ ನೋಡುವ ಅವಕಾಶ ತನಗೆ ಹಿಂದೆ ಎಂದಾದರೂ ಸಿಕ್ಕಿತ್ತೇ ಎಂದು ಬೀರೇಶ ಯೋಚಿಸಿದ. ಕಣ್ಣಿಗೆ ಹನಿ ಹಾಕಿ, ಕೈಗೊಂದು ಹತ್ತಿಯುಂಡೆ ಕೊಟ್ಟು, ಕರೆಯುವ ತನಕ ರೆಪ್ಪೆ ತೆರೆಯಬಾರದೆಂದು ನರ್ಸು ಹೇಳಿಹೋಗಿದ್ದಳು. ಅಪ್ಪ ಪಾಪಣ್ಣ ಆ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತ, ತಮಿಳುನಾಡಿನ ಕೃಷ್ಣಗಿರಿಯ ಆ ಕಣ್ಣಾಸ್ಪತ್ರೆಯ ಉಕ್ಕಿನ ಬೆಂಚಿನ ಮೇಲೆ, ಫೋಟೋ ತೆಗೆಸಿಕೊಳ್ಳಲು ಕೂತವನ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಬಲದವಡೆಯ ಕೆಳಗೆ, ಕಿವಿಯ ತನಕ, ಒಂದು ಪಟ್ಟಿ ಬಿಳಿಗಡ್ಡ ಹಾಗೇ ಉಳಿದಿತ್ತು. ಎಷ್ಟೋ ತಿಂಗಳಿಂದ ಅದು ಹಾಗೆ ಉಳಿಯುತ್ತಿದೆ. ಅಪ್ಪನಿಗೆ ಈಚೆಗೆ ಮೈಮೇಲೆ ಗಮನವಿಲ್ಲ ಎಂದು ಬೀರೇಶ ಒಂದೆರಡು ಸಲ ಹೆಂಡತಿಯ ಮುಂದೆ ಗೊಣಗಿದ್ದ. ಗಮನವಿಲ್ಲದ್ದಲ್ಲ, ಕಾಣದ್ದು ಎಂದು ಈಗ, ಅವನ ಕಣ್ಣು ಮುಚ್ಚಿರುವಾಗ ಹೊಳೆಯಿತು. ಹೊಳೆದದ್ದೇ ಮುಖವನ್ನು ಬೇರೆ ಕಡೆ ತಿರುಗಿಸಿದ. ತನ್ನನ್ನು ಯಾರೋ ನೋಡುತ್ತಿದ್ದಾರೆಂದು ತಿಳಿಯದವನನ್ನು ನೋಡುವುದು ಅವನ ಜೇಬಿಗೆ ಕೈ ಹಾಕಿದಂತೆ. ಅಷ್ಟಕ್ಕೂ ಇವತ್ತು ತಾನು ಮಾಡಿದ್ದು ಅದಕ್ಕಿಂತ ದೊಡ್ಡದಲ್ಲವೇ.

ಹನಿ ಹಾಕುವ ಮೊದಲು ಅಪ್ಪನನ್ನು ಕತ್ತಲೆ ಕೋಣೆಗೆ ಕರೆದೊಯ್ದಿದ್ದರು. ಅಲ್ಲಿ ದೊಡ್ಡ ಬೋಗುಣಿಯಂಥ ಒಂದು ಯಂತ್ರ. ಅದರೊಳಗೆ ಮುಖವಿಟ್ಟು ನಡುವಿನ ಚುಕ್ಕಿಯನ್ನೇ ನೋಡುತ್ತಿರಬೇಕು, ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಬೀರೇಶ ಪರದೆಯ ಈಚೆ ನಿಂತಿದ್ದ. ಗುಂಡಿಯ ಸದ್ದು ಟಿಕ್ ಟಿಕ್ ಎಂದು ನಿಲ್ಲದೆ ಬರುತ್ತಿತ್ತು. ಮೊದಲು ಅವನಿಗೆ ಸಂತೋಷವಾಯಿತು; ಇಷ್ಟೊಂದು ಕಾಣುತ್ತದಲ್ಲ. ಆಮೇಲೆ ಒಳಗಿನ ಹುಡುಗಿ, ತಾತಾ, ಲೈಟು ಬರದೆ ಯಾಕೆ ಒತ್ತುತ್ತೀರಿ, ಬಂದರೆ ಮಾತ್ರ ಒತ್ತಿ ಎಂದಳು. ಅಪ್ಪ ನಕ್ಕದ್ದು ಕೇಳಿಸಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಟಿಕ್ ಟಿಕ್. ಬೆಳಕು ಎಲ್ಲಿ ಬರಬಹುದೆಂದು ಅಂದಾಜು ಮಾಡಿ ಒತ್ತುತ್ತಿದ್ದಾನೆ. ತಿರುವಿನಲ್ಲಿ ಯಾರೂ ಇರಲಾರರೆಂದು ಹಾರನ್ನು ಒತ್ತಿ ಗಾಡಿ ನುಗ್ಗಿಸಿಬಿಡುತ್ತಾನಲ್ಲ, ಹಾಗೆ. ಪರೀಕ್ಷೆಯಲ್ಲಿ ಕಾಪಿ ಹೊಡೆಯುತ್ತಿರುವ ಮಗನ ಶಾಲೆಯ ಹೊರಗೆ ನಿಂತ ತಂದೆಯಂತೆ ಬೀರೇಶನ ಕಿವಿ ಬಿಸಿಯಾಯಿತು. ಸಿಕ್ಕಿಬೀಳಲಿ ಎಂದೂ, ಪಾಸಾಗಲಿ ಎಂದೂ ಒಟ್ಟಿಗೇ ಅನ್ನಿಸಿತು. ಆ ಸದ್ದು ತಡೆಯಲಾರದೆ ಅಲ್ಲಿಂದ ಹೊರಟವನು ನೇರ ಡಾಕ್ಟರ ಬಾಗಿಲ ಬಳಿ ಹೋಗಿ ನಿಂತಿದ್ದ.

ಡಾಕ್ಟರು ಹೆಂಗಸು, ಅವನಿಗಿಂತ ಚಿಕ್ಕವಳು. ಅಪ್ಪ ಇನ್ನು ಗಾಡಿ ಓಡಿಸಬಾರದು ಅಂತ ನೀವೇ ಹೇಳಿಬಿಡಿ ಮೇಡಂ, ನಾನು ಹೇಳಿದರೆ ಕೇಳುವುದಿಲ್ಲ ಎಂದು ಅವನು ಕಾರ್ಖಾನೆಯ ತಮಿಳಿನಲ್ಲಿ ತಡವರಿಸಿದ. ತಾನು ಒಮ್ಮೆಯೂ ಹೇಳಿಲ್ಲ ಎಂಬುದನ್ನು ಹೇಳಲಿಲ್ಲ. ಅವಳು ಬರೆಯುತ್ತಿದ್ದವಳು ತಲೆಯೆತ್ತಿ, ಇವರು ಇನ್ನೂ ಓಡಿಸುತ್ತಿದ್ದಾರಾ ಎಂದು ಕೇಳಿದಳು. ಎಕ್ಸೆಲ್ ಮೇಡಂ, ಮೊಪೆಡ್ಡು, ಹಾಲು ಹಾಕಲು ಎಂದ. ಹಿಂದೆ ಮುಂದೆ ಯಾರನ್ನಾದರೂ ಕೂರಿಸಿಕೊಳ್ಳುತ್ತಾರಾ. ಆ ಪ್ರಶ್ನೆ ಬಹಳ ಸಲೀಸಾಗಿ ಬಂತು, ಅಷ್ಟೇ ಸಲೀಸಾಗಿ ಅವನ ಬಾಯಿಂದ ಉತ್ತರವೂ ಹೋಯಿತು. ಇಲ್ಲ ಮೇಡಂ, ಕ್ಯಾನು ಮಾತ್ರ.

ಕ್ಯಾನು ಮಾತ್ರ. ಹಾಲಿನ ಕ್ಯಾನು ಹಿಂದೆ ಇರುತ್ತದೆ, ಹಗ್ಗ ಬಿಗಿದು. ಮುಂದೆ, ಪಾಪಣ್ಣನ ಎರಡು ಕೈಗಳ ನಡುವೆ, ಸ್ಕೂಲ್ ಯೂನಿಫಾರ್ಮಿನಲ್ಲಿ ಬೀರೇಶನ ಮಗಳು ದಿವ್ಯ ನಿಂತಿರುತ್ತಾಳೆ. ಅವಳಿಗೆ ಎಂಟು ವರ್ಷ. ಅವಳ ಅಮ್ಮ ವರಲಕ್ಷ್ಮಿಯನ್ನು ಕರೆದೊಯ್ಯುವ ಕಂಪನಿ ಬಸ್ಸು ಹೊತ್ತು ಮೂಡುವ ಮೊದಲೇ ಬಂದುಬಿಡುತ್ತದೆ. ಬೀರೇಶನ ವ್ಯಾನು ಆಮೇಲೆ. ಸರ್ಕಾರಿ ಬಸ್ಸು ಊರಿಗೆ ಬರುವುದು ಸ್ಕೂಲಿನ ಗಂಟೆ ಹೊಡೆದ ಮೇಲೆ. ಒಂದು ಮಗುವಿಗಾಗಿ ಬೇರಿಕೆ ರಸ್ತೆಯಿಂದ ಅಷ್ಟು ಒಳಗೆ ಬರಲಾಗದು ಎಂದು ಸ್ಕೂಲ್ ವ್ಯಾನಿನವರು ಹೇಳಿಯಾಗಿದೆ. ಷೇರ್ ಆಟೋದಲ್ಲಿ ಟೊಮೆಟೊ ಕ್ರೇಟುಗಳ ಮೇಲೆ ಜನ ಕೂತಿರುತ್ತಾರೆ. ಹೀಗೆ ಒಂದೊಂದನ್ನೇ ಕಳೆದು ಬಂದರೆ ಕೊನೆಗೆ ಉಳಿಯುವುದು ತಾತ. ಇದನ್ನೆಲ್ಲ ಡಾಕ್ಟರಿಗೆ ಹೇಗೆ ಹೇಳುವುದು. ಅವಳು ಕೇಳಿದ್ದು ಹೌದೋ ಅಲ್ಲವೋ ಎಂಬುದನ್ನು ಮಾತ್ರ.

ಒಂದು ದಿನ ಊಟದ ಹೊತ್ತಿಗೆ ದಿವ್ಯ, "ಅಪ್ಪಾ, ತಾತ ಇವತ್ತು ಬೆದರುಬೊಂಬೇನ ಊಟ ಆಯ್ತಾ ಅಂತ ಕೇಳ್ತು," ಎಂದು ಬಾಯಿ ತುಂಬ ಅನ್ನ ಇಟ್ಟುಕೊಂಡು ನಕ್ಕಿದ್ದಳು. ಎಲ್ಲರೂ ನಕ್ಕರು. ಪಾಪಣ್ಣ ಎಲ್ಲರಿಗಿಂತ ಜೋರಾಗಿ ನಕ್ಕು, "ಅದು ಅಶ್ವತ್ಥಪ್ಪನ ಅಂಗಿ ಹಾಕ್ಕಂಡಿತ್ತು ಕಣವ್ವ. ಅವ್ನೂ ಹೊಲದಾಗೆ ಹಂಗೇ ನಿಂತ್ಕಂತಾನೆ, ಕೈ ಅಗಲಿಸ್ಕಂಡು. ಕೆಲ್ಸ ಮಾಡಿದ್ದು ನೋಡಿದೀಯಾ ನೀನು?" ಎಂದ. ಅದೂ ನಿಜವೇ ಆಗಿತ್ತು, ಅಂಗಿ ಅಶ್ವತ್ಥಪ್ಪನದೇ. ಆ ನಗುವಿನ ಬಾಲದಲ್ಲಿ ಮಗಳು ತಮ್ಮ ಆಟವನ್ನು ಹೇಳಿದಳು. ಎಡಗಡೆ ಏನಾದರೂ ಬಂದರೆ ತಾತನ ಎಡಗೈ ಮೇಲೆ ತಟ್ಟುವುದು, ಬಲಗಡೆ ಬಂದರೆ ಬಲಗೈ ಮೇಲೆ, ಹಳ್ಳ ಬಂದರೆ ಎರಡೂ ಕೈ ಮೇಲೆ. "ನಾನು ಒಂದ್ಸಲಾನೂ ತಪ್ಪಿಲ್ಲ, ಗೊತ್ತಾ." ಅಮ್ಮ ರಾಮಲಕ್ಷ್ಮಮ್ಮ ಸಾರಿನ ಸೌಟನ್ನು ಗಾಳಿಯಲ್ಲಿ ಹಾಗೇ ಹಿಡಿದು ನಿಂತಳು. ವರಲಕ್ಷ್ಮಿ ತಟ್ಟೆ ನೋಡಿದಳು. ಏನಾದರೂ ಹೇಳಲೇಬೇಕಾಗಿದ್ದ ಆ ಗಳಿಗೆಯಲ್ಲಿ ಬೀರೇಶನ ಬಾಯಿಂದ ಬಂದದ್ದು "ಜಾಣೆ" ಎಂಬ ಮಾತು. ಅದನ್ನು ಕೇಳಿ ಮಗಳ ಮುಖ ಅರಳಿದ್ದನ್ನು ನೆನೆದಾಗಲೆಲ್ಲ ಅವನಿಗೆ ಬಾಯಿ ತೊಳೆದುಕೊಳ್ಳಬೇಕೆನ್ನಿಸುತ್ತದೆ. ಕಾರ್ಖಾನೆಯಲ್ಲಿ ದಿನಾ ಬೆಳಿಗ್ಗೆ ಸಾಲಾಗಿ ನಿಂತು ಎದೆಯ ಮೇಲೆ ಕೈಯಿಟ್ಟು ಸುರಕ್ಷತೆಯ ಪ್ರತಿಜ್ಞೆ ಹೇಳಿಸುತ್ತಾರೆ. ಅವನು ತುಟಿ ಮಾತ್ರ ಆಡಿಸುತ್ತಾನೆ.

"ಪಾಪಣ್ಣ," ಎಂದು ಒಳಗಿನಿಂದ ಕೂಗಿದರು. ಅಪ್ಪ ಕಣ್ಣು ತೆರೆದ. ಪಾಪೆಗಳು ಅಗಲವಾಗಿ, ಕಣ್ಣು ಪೂರಾ ಕಪ್ಪಾಗಿ, ಯಾರದೋ ಕಣ್ಣಿನ ಹಾಗಿತ್ತು. "ಎಲ್ಲಿದೀಯಲಾ?" ಎಂದ. ಬೀರೇಶ ಪಕ್ಕದಲ್ಲೇ ಇದ್ದ.

ಡಾಕ್ಟರಮ್ಮ ಕಂಪ್ಯೂಟರನ್ನು ಅವರ ಕಡೆಗೆ ತಿರುಗಿಸಿ ಚಿತ್ರ ತೋರಿಸಿದಳು. ಸುತ್ತಲೂ ಮಸಿ ಚೆಲ್ಲಿದ ಹಾಗೆ ಕಪ್ಪು, ನಡುವೆ ಒಂದು ಬೆಳ್ಳನೆಯ ತೂತು. ಇದು ಪೊರೆಯಲ್ಲ, ಪೊರೆಯಾದರೆ ತೆಗೆಯಬಹುದಿತ್ತು, ಇದು ಕಣ್ಣೊಳಗಿನ ಒತ್ತಡ, ಹೋದದ್ದು ಬರುವುದಿಲ್ಲ, ಇರುವುದನ್ನು ಹನಿ ಹಾಕಿ ಕಾಪಾಡಿಕೊಳ್ಳಬೇಕು, ಪೈಪಿನೊಳಗಿಂದ ನೋಡಿದ ಹಾಗೆ ಎದುರಿನದು ಮಾತ್ರ ಇವರಿಗೆ ಕಾಣುತ್ತದೆ ಎಂದು ಅವಳು ಬೀರೇಶನನ್ನು ನೋಡುತ್ತ ತಮಿಳಿನಲ್ಲಿ ಹೇಳುತ್ತಿದ್ದರೆ, ಎದುರಿನದು ಮಾತ್ರ ಕಾಣುವ ಪಾಪಣ್ಣ ಎದುರಿಗಿದ್ದ ಅವಳನ್ನೇ ನೋಡುತ್ತ ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದ. ಆಮೇಲೆ ಅವಳು ಮುಂದಕ್ಕೆ ಬಾಗಿ, ಅವನ ಮೊಣಕೈ ಮೇಲೆ ಕೈಯಿಟ್ಟು, ತನ್ನ ತಾತನಿಗೆ ಹೇಳುವಂತೆ ದನಿ ತಗ್ಗಿಸಿದಳು. "ಅಯ್ಯಾ, ಇನಿಮೇ ವಂಡಿಯ ವಿಟ್ಟುಡುಂಗ."

"ಸರೀಂಗಮ್ಮಾ," ಎಂದು ಪಾಪಣ್ಣ ಕೈಮುಗಿದ.

ಅಷ್ಟೇ. ಇನ್ನು ಮೇಲೆ ಗಾಡಿಯನ್ನು ಬಿಟ್ಟುಬಿಡಿ ಎಂದು ಅವಳು ಹೇಳಿದ್ದು, ಸರಿ ಎಂದು ಅಪ್ಪ ಒಪ್ಪಿದ್ದು, ಒಂದು ಉಸಿರಿನಲ್ಲಿ ಮುಗಿದುಹೋಯಿತು. ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಹೊರಳಿ ಮಾತು ಜೋಡಿಸಿದ್ದು, ಜಗಳವನ್ನು ಮೊದಲೇ ಆಡಿ ನೋಡಿದ್ದು, ಅಪ್ಪ ಚಪ್ಪಲಿ ಎತ್ತಬಹುದೆಂದೋ ಅತ್ತುಬಿಡಬಹುದೆಂದೋ ಎರಡಕ್ಕೂ ಹೆದರಿದ್ದು, ಎಲ್ಲ ಇಷ್ಟು ಸುಲಭದ್ದೇ. ಹೊರಗೆ ಬಂದು ಔಷಧಿ ಕೊಳ್ಳುವಾಗ ಬೀರೇಶನ ಕೈ ಹಗುರಾಗಿತ್ತು. ಅಪ್ಪನಿಗೆ ಒಂದು ಬಟ್ಟಲು ಹಲಸಿನ ತೊಳೆ ಕೊಡಿಸಿದ. ಬಿಸಿಲಿಗೆ ಕಣ್ಣು ಚುಚ್ಚುತ್ತದೆಂದು ಪಾಪಣ್ಣ ಟವೆಲನ್ನು ಮುಖದ ಮೇಲೆ ಇಳಿಬಿಟ್ಟು, ಅದರ ಕೆಳಗಿನಿಂದಲೇ ತೊಳೆಗಳನ್ನು ಒಂದೊಂದಾಗಿ ಬಾಯಿಗೆ ಕಳಿಸಿದ. ನಾಳೆಯಿಂದ ದಿವ್ಯಾಗೆ ಏನು ಎಂಬುದು ಆಗ ಬೀರೇಶನ ತಲೆಗೆ ಬಂತು. ಬಂದು, ಬಸ್ಸು ಹತ್ತುವ ಗಡಿಬಿಡಿಯಲ್ಲಿ ಹಿಂದೆ ಸರಿಯಿತು.

ಬಸ್ಸು ಕೃಷ್ಣಗಿರಿ ದಾಟಿ ಹೆದ್ದಾರಿಗೆ ಬಿದ್ದ ಮೇಲೆ ಪಾಪಣ್ಣ ಟವೆಲು ಸರಿಸಿ, "ಡಾಕ್ಟ್ರಮ್ಮ ಒಳ್ಳೇವ್ಳು ಕಣ್ಲಾ," ಎಂದ.

"ಹೂಂ."

"ನೀನು ಸುಮ್ನೆ ಹೆದರಿಸ್ಬುಟ್ಟಿದ್ದೆ. ಆಪ್ರೇಸನ್ನು ಅಂತಾರೆ, ಗಾಡಿ ಕಿತ್ಕಂತಾರೆ ಅಂತೆಲ್ಲ ನಿಮ್ಮವ್ವ ಬ್ಯಾರೆ ರಾತ್ರಿಯೆಲ್ಲಾ ಪಿರಿಪಿರಿ. ಈಗೇನಂದ್ಲು? ಇನ್ಮೇಲೆ ಗಾಡಿ ಬಿಡಿ ಅಂದ್ಲು ತಾನೆ."

ಬೀರೇಶ ಅವನ ಕಡೆ ತಿರುಗಿದ. ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ, ಅಥವಾ ಮುಖವನ್ನು ಆ ಕಡೆ ಇಟ್ಟುಕೊಂಡಿದ್ದ. ಅವಳು ಹೇಳಿದ ವಿಡು, ಮನೆಯ ಬಿಡು, ಎರಡೂ ಒಂದೇ ಮಾತು. ಆದರೆ ಅವಳ ಭಾಷೆಯಲ್ಲಿ ಗಾಡಿ ಓಡಿಸುವುದಕ್ಕೆ ಓಟ್ಟು ಎನ್ನುತ್ತಾರೆ, ವಿಡು ಎಂದರೆ ಕೈಬಿಡು ಎಂದಷ್ಟೇ. ತಮ್ಮ ಮನೆಯಲ್ಲಿ ಗಾಡಿಯನ್ನು ಬಿಡುತ್ತಾರೆ. ಅಪ್ಪ ಅವನಿಗೆ ಕಲಿಸಿದ್ದೇ ಹಾಗೆ. ಕೆರೆ ಅಂಗಳದಲ್ಲಿ ಹಿಂದಿನಿಂದ ಓಡಿ ಬರುತ್ತ, ಬಿಡ್ಲಾ, ಬಿಡು, ಹೆದರ್ಬ್ಯಾಡ, ನಾನಿವ್ನಿ ಬಿಡು ಎಂದು ಕೂಗುತ್ತಿದ್ದ. ಬಿಡು ಎಂದರೆ ಮುಂದೆ ಹೋಗು ಎಂದು ಮೈಗೆ ಹತ್ತಿದ್ದು ಆಗಲೇ. ಆದರೆ ಅಪ್ಪನಿಗೆ ತಮಿಳು ಬರುವುದಿಲ್ಲವೇ. ಮಂಡಿಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ ಸರಿ, ಆದರೂ ತಾಲೂಕಾಫೀಸಿನ ಗುಮಾಸ್ತನ ಹತ್ತಿರ ಜಮೀನಿನ ಪಟ್ಟಾಕ್ಕಾಗಿ ತಮಿಳಿನಲ್ಲೇ ಜಗಳವಾಡಿ ಗೆದ್ದು ಬಂದವನಲ್ಲವೇ. ವಿಟ್ಟುಡುಂಗ ಎಂದರೇನೆಂದು ಅವನಿಗೆ ಗೊತ್ತಿರಲೇಬೇಕು. ಗೊತ್ತಿದ್ದೂ ಹೀಗೆನ್ನುತ್ತಿದ್ದಾನೆಯೇ. ಅಥವಾ ಬೇಕಾದ ಮಾತು ಬೇಕಾದ ಭಾಷೆಯಲ್ಲೇ ಕಿವಿಗೆ ಬೀಳುವ ವಯಸ್ಸು ಬಂತೇ. ಬೆಳಕು ಬಾರದಿದ್ದರೂ ಗುಂಡಿ ಒತ್ತಿದ ಬೆರಳು ನೆನಪಾಯಿತು. ಅಲ್ಲಪ್ಪಾ, ಅವ್ರು ಹೇಳಿದ್ದು ಹಂಗಲ್ಲ, ಎಂದು ಶುರು ಮಾಡಬೇಕು; ಅಷ್ಟೇ ಕೆಲಸ. ಮುಂದಿನ ಸೀಟಿನ ಮಗುವೊಂದು ತಿರುಗಿ ಅವರಿಬ್ಬರನ್ನೂ ನೋಡುತ್ತಿತ್ತು. ಇಲ್ಲಿ ಬೇಡ, ಇಷ್ಟು ಜನರ ನಡುವೆ ಬೇಡ, ಮನೆಗೆ ಹೋಗಿ ಹೇಳೋಣ ಎಂದುಕೊಂಡ. ನಾಳೆ ಕಾರ್ಖಾನೆಯ ಲೈನಿಗೆ ಹೊರಗಿನ ಆಡಿಟರುಗಳು ಬರುತ್ತಾರೆ, ಯಾರೂ ಒಂದು ಗಂಟೆ ತಡವಾಗಿ ಬರುವಂತಿಲ್ಲ ಎಂದು ಸೂಪರ್‌ವೈಸರು ಅವನನ್ನೇ ನೋಡಿ ಹೇಳಿದ್ದು, ಸಂಬಂಧವೇ ಇಲ್ಲದಂತೆ, ಅದೇ ಹೊತ್ತಿಗೆ ನೆನಪಿಗೆ ಬಂತು.

ಶೂಳಗಿರಿಯಲ್ಲಿ ಇಳಿದು, ಬೆಳಿಗ್ಗೆ ನಿಲ್ಲಿಸಿಹೋಗಿದ್ದ ಮೊಪೆಡ್ಡಿನ ಹತ್ತಿರ ಬಂದಾಗ ಪಾಪಣ್ಣ ಸೊಂಟದಿಂದ ಕೀ ತೆಗೆದ. ಬೆಳಿಗ್ಗೆ ಬರುವಾಗಲೂ ಅವನೇ ಬಿಟ್ಟುಕೊಂಡು ಬಂದಿದ್ದ. ತಾನು ಕಣ್ಣು ತೋರಿಸಲು ಕರೆದೊಯ್ಯುತ್ತಿರುವವನ ಹಿಂದೆಯೇ ಕೂತು ಹೋಗುವುದರಲ್ಲಿ ಏನೋ ನಗೆಪಾಟಲಿದೆ ಎಂದು ಅನ್ನಿಸಿದರೂ ಬೀರೇಶ ಕೀ ಕೇಳಿರಲಿಲ್ಲ. ಹಳೆಯ ಹಳ್ಳಗಳನ್ನೆಲ್ಲ ಅಪ್ಪ ಬಾಯಿಪಾಠವಾದ ಹಾಗೆ ತಪ್ಪಿಸುತ್ತಿದ್ದ. ಹೊಸದಾಗಿ ಇಟ್ಟಿದ್ದ ಒಂದು ಬ್ಯಾರಿಕೇಡು ಎಡಗಡೆಯಿಂದ ಹತ್ತಿರ ಬರುತ್ತಲೇ ಇತ್ತು, ಅಪ್ಪ ಹಾಡಿಕೊಳ್ಳುತ್ತಲೇ ಇದ್ದ, ಆಗ ಬೀರೇಶನ ಕೈ ತಾನಾಗಿ ಮುಂದೆ ಹೋಗಿ ಅವನ ಎಡಗೈ ಮೇಲೆ ತಟ್ಟಿತ್ತು. ಗಾಡಿ ಬಲಕ್ಕೆ ಸರಿಯಿತು. ಅಪ್ಪ ಹಾಡು ಮುಂದುವರಿಸಿದ.

"ಹನಿ ಹಾಕವ್ರೆ ಅಪ್ಪಾ. ಇವತ್ತು ನಾನು ಬಿಡ್ತೀನಿ."

"ಇವತ್ತೊಂದಿನ," ಎಂದು ಪಾಪಣ್ಣ ಕೀ ಕೊಟ್ಟ. ಹಿಂದೆ ಹತ್ತಿ ಕೂತು, ಮಗನ ಭುಜವನ್ನು ಗಟ್ಟಿಯಾಗಿ ಹಿಡಿದ. ಆ ಹಿಡಿತದಲ್ಲಿ ಇಷ್ಟು ಬಲವಿದೆ ಎಂದು ಬೀರೇಶನಿಗೆ ಗೊತ್ತಿರಲಿಲ್ಲ. ಬಲವಲ್ಲ, ಹೆದರಿಕೆ ಎಂದು ಬೇರಿಕೆ ರಸ್ತೆಗೆ ತಿರುಗಿದಾಗ ಗೊತ್ತಾಯಿತು. ದಾರಿಯುದ್ದಕ್ಕೂ ಅಪ್ಪ, ಬ್ರೇಕು ಹಂಗೆ ಹಿಡೀಬ್ಯಾಡ, ಏನ್ಲಾ ಎತ್ತು ಹೊಡ್ದಂಗೆ ಬಿಡ್ತೀಯ, ಕಂಪನೀಲಿ ಹಿಂಗೇನಾ ಮಿಸಿನ್ನು ನಡ್ಸೋದು ಎಂದು ಬೈಯುತ್ತಲೇ ಇದ್ದ. ಊರ ಬಾಗಿಲಿನಲ್ಲಿ ಹನುಮಂತರಾಯಪ್ಪ ಕಟ್ಟೆಯ ಮೇಲಿಂದ, "ಏನಣ್ಣಾ ಪಾಪಣ್ಣ, ಡ್ರೈವರ್ನ ಇಕ್ಕಂಡ್ಬುಟ್ಟಿದೀಯ ಈಗ," ಎಂದು ಕೂಗಿದ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಬೀರೇಶ ನಿಧಾನ ಮಾಡಬಾರದಿತ್ತು. ಮಾಡಿದ. "ಇವತ್ತೊಂದಿನ ಕಣಪ್ಪ," ಎಂದ ಅಪ್ಪ, ದನಿ ಬಂದ ಕಡೆಗೆ ಮುಖ ತಿರುಗಿಸಿ. "ಡಾಕ್ಟ್ರಮ್ಮಾನೇ ಹೇಳವ್ಳೆ, ಗಾಡಿ ಬಿಡಿ ಅಂತ. ನೀನೂ ಹೋಗಿ ತೋರುಸ್ಕಂಡ್ ಬಾ, ನಿಂಗೆ ಏನಂತಾಳೋ." ನಗು ಹನುಮಂತರಾಯಪ್ಪನ ಕಡೆ ತಿರುಗಿತು. ಹೀಗೆ ಆ ಮಾತು ಮನೆ ಮುಟ್ಟುವ ಮೊದಲೇ ಊರಿನ ಕಟ್ಟೆಯ ಮೇಲೆ ಕೂತಿತು. ಇನ್ನು ಅದನ್ನು ಎಬ್ಬಿಸಬೇಕಾದರೆ ಅಪ್ಪನನ್ನು ಮನೆಯೊಳಗೆ ಮಾತ್ರವಲ್ಲ, ಕಟ್ಟೆಯ ಮುಂದೆಯೂ ಸುಳ್ಳನನ್ನಾಗಿ ನಿಲ್ಲಿಸಬೇಕು.

ಸಂಜೆ ವರಲಕ್ಷ್ಮಿ ಕೆಲಸದಿಂದ ಬಂದು, ಇನ್ನೂ ಕಂಪನಿಯ ಐಡಿ ಕಾರ್ಡನ್ನು ಕೊರಳಿಂದ ತೆಗೆಯದೆ, ಹೊಸ್ತಿಲ ಮೇಲೆ ಕೂತು ಟೀ ಕುಡಿಯುತ್ತಿದ್ದಳು. ದಿವ್ಯ ಅಂಗಳದಲ್ಲಿ ಹೋಂವರ್ಕು ಬರೆಯುತ್ತಿದ್ದಳು. ರಾಮಲಕ್ಷ್ಮಮ್ಮ ಹಸುವಿನ ಮುಂದೆ ಹುಲ್ಲು ಹಾಕಿ ಬಂದು, ಸೆರಗಿಗೆ ಕೈಯೊರೆಸಿಕೊಳ್ಳುತ್ತ, ಗಂಡನನ್ನು ಬಿಟ್ಟು ಮಗನನ್ನು ಕೇಳಿದಳು. "ಏನಂದ್ರಪ್ಪ?"

ಉತ್ತರ ಪಾಪಣ್ಣ ಕೊಟ್ಟ. ಪೊರೆ ಅಲ್ಲವಂತೆ, ಆಪರೇಷನ್ನು ಬೇಡವಂತೆ, ಹನಿ ಹಾಕಿಕೊಂಡು ಗಾಡಿ ಬಿಡಿ ಅಂದರು.

"ಯಾವ್ ಪುಣ್ಯಾತ್ಗಿತ್ತಿ ಅವ್ಳು," ಎಂದಳು ರಾಮಲಕ್ಷ್ಮಮ್ಮ. "ನಿಮ್ಮಪ್ಪನ ಹಿಂದ್ಗಡೆ ಒಂದ್ಸಲ ಕುಂತ್ಕಂಡು ಬೇರಿಕೆ ಸಂತೆಗೆ ಹೋಗ್ಬಂದಿದ್ರೆ ಹಂಗಂತಿರ್ಲಿಲ್ಲ. ನಾನು ಬಸ್ಸಿಗೆ ಹೋಗೋದು ಯಾಕೆ ಅಂದ್ಕಂಡಿದೀಯ? ಹೆಂಗಸ್ರಿಗೆ ಫ್ರೀ ಬುಟ್ಟವ್ರೆ ಅಂತ್ಲಾ? ಜೀವ ಉಳೀಲಿ ಅಂತ."

"ಹಂಗಾದ್ರೆ ನಂಗೂ ಒಂದು ಸೀರೆ ಉಡ್ಸು, ಇಬ್ರೂ ಫ್ರೀಯಾಗಿ ಹೋಗಾನ."

"ಉಟ್ರೂ ಕಂಡಕ್ಟ್ರು ಮೀಸೆ ನೋಡ್ತಾನೆ."

ದಿವ್ಯ ಪೆನ್ಸಿಲು ಬಿಟ್ಟು ನಕ್ಕಳು. ಆ ನಗುವಿನ ಜೊತೆ ಎಲ್ಲ ಮುಗಿದುಹೋಗಬಹುದಿತ್ತು. ರಾಮಲಕ್ಷ್ಮಮ್ಮ ನಗಲಿಲ್ಲ. ಅವಳು ಮಗನ ಎದುರಿಗೆ ಬಂದು ನಿಂತಿದ್ದಳು. "ನೀನು ಹೇಳಪ್ಪ ಬೀರಾ. ನಿಮ್ಮಪ್ಪನ ಕಿವೀನೂ ನಂಬಂಗಿಲ್ಲ. ಡಾಕ್ಟ್ರು ಬಾಯಲ್ಲಿ ಏನಂದ್ರು?"

"ಹೇಳ್ಲಾ," ಎಂದ ಪಾಪಣ್ಣನೂ. "ನೀನೂ ಅಲ್ಲೇ ಇದ್ದೆ."

ಅಪ್ಪನ ಮುಖ ಅವನ ಕಡೆಗಿತ್ತು, ಸ್ವಲ್ಪ ತಪ್ಪಿ, ಭುಜದ ಪಕ್ಕದ ಗೋಡೆಯ ಕಡೆಗೆ. ಅದರಲ್ಲಿ ಭಯವಿತ್ತೇ, ಸವಾಲಿತ್ತೇ, ಬೇಡಿಕೆಯಿತ್ತೇ, ಅಥವಾ ಏನೂ ಇಲ್ಲದ ಬರೀ ಮುಖವೇ. ತನಗೆ ಗೊತ್ತಾಗುತ್ತಿಲ್ಲ, ಇಷ್ಟು ವರ್ಷ ಜೊತೆಯಲ್ಲೇ ಉಂಡು ಮಲಗಿಯೂ ಆ ಮುಖವನ್ನು ಓದಲು ಬರುತ್ತಿಲ್ಲ. ಅವನು ಹೆಂಡತಿಯ ಕಡೆ ನೋಡಿದ. ವರಲಕ್ಷ್ಮಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅವನನ್ನೇ ನೋಡುತ್ತಿದ್ದಳು. ಬೆಳಗಿನಿಂದ ನಿಂತೇ ಇದ್ದ ಕಾಲುಗಳನ್ನು ಮೆಟ್ಟಿಲ ಮೇಲೆ ಚಾಚಿದ್ದಳು, ಪಾದ ಊದಿತ್ತು. ಅವಳ ಕಣ್ಣಿನಲ್ಲಿದ್ದುದನ್ನು ಓದುವುದಕ್ಕೆ ಮಾತ್ರ ಯಾವ ಕಷ್ಟವೂ ಆಗಲಿಲ್ಲ. ನಾಳೆ ಯಾರು, ಎಂದು ಅದು ಕೇಳುತ್ತಿತ್ತು. ನೀನೋ, ನಾನೋ. ನಮ್ಮಿಬ್ಬರಲ್ಲಿ ಯಾರು ಕೆಲಸ ಬಿಡುವುದು. ಬಿಡು ಎಂಬ ಮಾತು ಈ ಮನೆಯಲ್ಲಿ ಯಾರ ತಲೆಯ ಮೇಲಾದರೂ ಬೀಳಲೇಬೇಕು.

"ಗಾಡಿ ಬಿಡಿ ಅಂದ್ರು," ಎಂದ ಬೀರೇಶ.

ಒಂದಕ್ಷರವೂ ಸುಳ್ಳಲ್ಲ. ಯಾವ ದೇವರ ಮುಂದೆ ನಿಲ್ಲಿಸಿದರೂ ಹಾಗೇ ಹೇಳಬಲ್ಲೆ. ರಾಮಲಕ್ಷ್ಮಮ್ಮ "ಸರಿ," ಎಂದು ಒಳಗೆ ಹೋದಳು. ಅವಳು ನಂಬಿದಳೋ ಇಲ್ಲವೋ. ಪಾಪಣ್ಣ ಗೆದ್ದವನ ಹಾಗೆ ಏನೂ ಹೇಳಲಿಲ್ಲ, ಅದೇ ಬೀರೇಶನಿಗೆ ಸಹಿಸಲಾಗಲಿಲ್ಲ. ಒಂದು ಮಾತು ಮೆರೆದಿದ್ದರೆ, ನೋಡಿದ್ಯಾ ಎಂದು ಹೆಂಡತಿಯನ್ನು ಹಂಗಿಸಿದ್ದರೆ, ಅಪ್ಪನಿಗೆ ನಿಜವಾಗಿಯೂ ಹಾಗೇ ಕೇಳಿಸಿತ್ತೆಂದು ನೆಮ್ಮದಿಯಾಗಿರಬಹುದಿತ್ತು. ಪಾಪಣ್ಣ ಗೋಡೆ ಹಿಡಿದುಕೊಂಡು ಎದ್ದು, ಮೊಪೆಡ್ಡಿನ ಹತ್ತಿರ ಹೋಗಿ, ಸೀಟಿನ ಮೇಲೆ ಕೈಯಾಡಿಸಿ, ಹಗ್ಗ ಸರಿಯಾಗಿದೆಯೇ ಎಂದು ಎಳೆದು ನೋಡಿ, ಬಚ್ಚಲ ಕಡೆ ನಡೆದ.

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ವರಲಕ್ಷ್ಮಿ ಮಗಳ ಯೂನಿಫಾರ್ಮಿನ ಕಾಲರು ಉಜ್ಜುತ್ತಿದ್ದಳು. ಬೀರೇಶ ನೀರು ಹುಯ್ದ.

"ನಿಜಕ್ಕೂ ಏನಂದ್ರು?"

"ಅದೇ."

ಅವಳು ಕಾಲರು ಹಿಂಡಿದಳು. ನೀರು ಬರುವುದು ನಿಂತ ಮೇಲೂ ಹಿಂಡುತ್ತಲೇ ಇದ್ದಳು. "ನಾಳೆ ಒಂದಿನ ಹೋಗ್ಲಿ," ಎಂದಳು. "ನಾಡಿದ್ದಿಂದ ಏನಾದ್ರೂ ಮಾಡಾನ. ನಮ್ಮ್ ಮೇಡಂನ ಶಿಫ್ಟು ಚೇಂಜು ಕೇಳ್ತೀನಿ."

"ಹೂಂ. ನಾಳೆ ಒಂದಿನ."

ನಾಡಿದ್ದು ಎಂದು ಅವಳು ಹೋದ ತಿಂಗಳೂ ಅಂದಿದ್ದಳು. ಅದಕ್ಕೂ ಹಿಂದೆ ಅವನು ಅಂದಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಯೂನಿಫಾರ್ಮನ್ನು ಎರಡು ತುದಿಯಲ್ಲಿ ಹಿಡಿದು ಝಾಡಿಸಿ, ತಂತಿಯ ಮೇಲೆ ಹಾಕಿದರು. ಅದು ಎಷ್ಟು ಚಿಕ್ಕದಾಗಿದೆ ಎಂದು ಅವನಿಗೆ ಗಾಬರಿಯಾಯಿತು.

ಬೆಳಿಗ್ಗೆ ಅವನು ಎದ್ದಾಗ ವರಲಕ್ಷ್ಮಿ ಹೋಗಿಯಾಗಿತ್ತು. ರಾಮಲಕ್ಷ್ಮಮ್ಮ ದಿವ್ಯಾಗೆ ಜಡೆ ಹಾಕುತ್ತಿದ್ದಳು. ಪಾಪಣ್ಣ ಕ್ಯಾನು ಬಿಗಿದು, ಸ್ಟ್ಯಾಂಡು ಎತ್ತಿದ. ಮಗಳು ಹತ್ತಿ ನಿಂತು, ಬ್ಯಾಗನ್ನು ಹೊಟ್ಟೆಗೆ ಕಟ್ಟಿಕೊಂಡು, ಎರಡೂ ಕೈಯನ್ನು ತಾತನ ಎರಡು ಕೈಗಳ ಮೇಲೆ ಇಟ್ಟಳು. ಬೀರೇಶ ಅವರ ಹಿಂದೆಯೇ ನಡೆದು ರಸ್ತೆಯಲ್ಲಿ ಕಣ್ಣಿಗೆ ಕಾಣುವ ತನಕ ನೋಡಬೇಕೆಂದುಕೊಂಡಿದ್ದ. ಹಾಲಿನ ಡೈರಿಯ ಮುಂದೆ ಅವರು ಸಾಲಿನಲ್ಲಿ ನಿಂತರು. ಅಷ್ಟರಲ್ಲಿ ಅವನ ಕಂಪನಿ ವ್ಯಾನು ಬಂತು. ಹತ್ತಿದ.

ವ್ಯಾನು ಪಕ್ಕದೂರಿಗೆ ಹೋಗಿ ಇಬ್ಬರನ್ನು ಹತ್ತಿಸಿಕೊಂಡು ಮತ್ತೆ ಅದೇ ರಸ್ತೆಗೆ ಬಂದಾಗ, ಮುಂದೆ, ರಸ್ತೆಯ ನಡುವಿನಲ್ಲಿ, ಮೊಪೆಡ್ಡು ಹೋಗುತ್ತಿತ್ತು. ಹಿಂದಿನಿಂದ ಕ್ಯಾನೂ ಅಪ್ಪನ ಬೆನ್ನೂ ಮಾತ್ರ ಕಾಣುತ್ತಿತ್ತು. ಡ್ರೈವರು ಹಾರನ್ನು ಹೊಡೆದ. ಗಾಡಿ ಸರಿಯಲಿಲ್ಲ. ಮತ್ತೆ ಹೊಡೆದ. "ಯೋವ್ ಪೆರುಸು," ಎಂದು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿ, ಒಳಗಿದ್ದವರ ಕಡೆ ತಿರುಗಿ, ಮುದುಕನಿಗೆ ಇದು ಅವರಪ್ಪನ ರಸ್ತೆ ಅಂತ ಭಾವನೆ ಎಂದ. ವ್ಯಾನಿನಲ್ಲಿದ್ದವರು ನಿದ್ದೆಗಣ್ಣಿನಲ್ಲಿ ನಕ್ಕರು. ಬೀರೇಶನ ಮುಖದ ಮೇಲೆಯೂ ಏನೋ ಬಂದು ಹೋಯಿತು. ಅದು ನಗುವಲ್ಲದೆ ಬೇರೇನೂ ಇರಲಾರದು. ಪಕ್ಕದಲ್ಲಿ ಕೂತಿದ್ದ ಕುಮಾರೇಶ್, ಲೈನಿಗೆ ಹೊಸದಾಗಿ ಸೇರಿದವನು, "ನಿಮ್ಮೂರೋರಾ ಅಣ್ಣ?" ಎಂದು ಕೇಳಿದ. ಹೌದು ಎನ್ನಬೇಕು. ನಿಲ್ಲಿಸಪ್ಪಾ ಎನ್ನಬೇಕು. ಇಳಿದು ಹೋಗಿ ಮಗುವನ್ನು ಎತ್ತಿಕೊಂಡು ರಸ್ತೆಯ ಪಕ್ಕದಲ್ಲಿ ನಿಲ್ಲಬೇಕು. ಆಮೇಲೆ. ನಿಂತ ಮೇಲೆ ಆಮೇಲೆ ಏನು.

ದಿವ್ಯ ಎರಡೂ ಕೈ ಮೇಲೆ ತಟ್ಟಿದಳೋ ಏನೋ, ಮೊಪೆಡ್ಡು ತಡಬಡಿಸಿ ಎಡಕ್ಕೆ ಸರಿಯಿತು. ವ್ಯಾನು ವೇಗ ಹೆಚ್ಚಿಸಿ ಪಕ್ಕಕ್ಕೆ ಬಂತು. ಕಿಟಕಿಯಲ್ಲಿ ಮೊದಲು ಕ್ಯಾನು, ಆಮೇಲೆ ಅಪ್ಪನ ಮೊಣಕೈ. ಇನ್ನೊಂದು ಗಳಿಗೆಗೆ ಮಗಳ ಮುಖ ಬರುತ್ತದೆ. ಅವಳಿಗೆ ಈ ವ್ಯಾನು ಗೊತ್ತು, ಅವನು ಕೂರುವ ಕಿಟಕಿಯೂ ಗೊತ್ತು. ಕಂಡರೆ ಅಪ್ಪಾ ಎಂದು ಕೂಗುತ್ತಾಳೆ. ಕೂಗಿ ಕೈಯೆತ್ತಿ ಬೀಸುತ್ತಾಳೆ, ವ್ಯಾನು ಮರೆಯಾಗುವ ತನಕ ಇತ್ತ ಕಡೆಯೇ ನೋಡುತ್ತಾಳೆ. ಅಷ್ಟು ಹೊತ್ತು ಆ ರಸ್ತೆಯನ್ನು ಯಾರೂ ನೋಡುತ್ತಿರುವುದಿಲ್ಲ.

ಬೀರೇಶ ತಲೆಯನ್ನು ಕಿಟಕಿಯ ಕೆಳಗೆ ತಗ್ಗಿಸಿ, ಮೊಣಕಾಲುಗಳ ನಡುವೆ ಮುಖವಿಟ್ಟು ಬಗ್ಗಿದ. ಮೊಪೆಡ್ಡಿನ ಸದ್ದು ತಗಡಿನ ಆಚೆಯಿಂದ, ಕಿವಿಗೆ ಒಂದು ಮೊಳ ದೂರದಲ್ಲಿ, ಹಾದು ಹಿಂದಕ್ಕೆ ಹೋಗುತ್ತಿತ್ತು. ಪೂರಾ ಹೋಗಲಿ ಎಂದು ಅವನು ಹಾಗೇ ಇದ್ದ.

"ಏನಣ್ಣಾ, ಏನಾದ್ರೂ ಬಿತ್ತಾ?" ಎಂದ ಕುಮಾರೇಶ್, ತಾನೂ ಬಗ್ಗಿ ಸೀಟಿನ ಕೆಳಗೆ ಕೈಯಾಡಿಸಿ ಹುಡುಕತೊಡಗಿದ.